ಹದಿನೆಂಟನೆಯ ಗಡ್ಡೆ

ಕೆಂಪು ಹೋಗುತ್ತಿಲ್ಲ, ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ, ಎಷ್ಟು ಸೋಪು ಹಾಕಿ ಉಜ್ಜಿದರೂ ಬೇಸಿನ್ನಿನಲ್ಲಿ ಕೆಂಪು ನೀರೇ ಸುತ್ತುತ್ತಿದೆ, ಬೀಟ್‌ರೂಟಿನ ರಸ, ಬರೀ ರಸ, ಫ್ರೀಜರಿನಲ್ಲಿ ಉಳಿದಿದ್ದ ಅಣ್ಣನ ಹೊಲದ ಅರ್ಧ ಗಡ್ಡೆಯನ್ನು ಬೆಳಿಗ್ಗೆ ಮತ್ತೆ ಕೊಯ್ದೆ, ಮೂರು ಸಲ ಪರೀಕ್ಷೆಗೆ ಹಾಕಿದೆ, ಮೂರು ಸಲವೂ ವೈರಸ್ಸು ಇಲ್ಲ — ಹಾಗಾದರೆ ಹೋದ ತಿಂಗಳು ಇದೆ ಎಂದು ಸಹಿ ಹಾಕಿದವಳು ಯಾರು, ನಾನೇ, ಯಾರೂ ಕಾಣದ ಹೊಸ ವೈರಸ್ಸು, ಎರಡು ಹೊಲಗಳಲ್ಲಿ ಸಿಕ್ಕಿದೆ, ಹದಿನೇಳನೆಯ ಗಡ್ಡೆಯಲ್ಲಿ, ಹದಿನೆಂಟನೆಯದರಲ್ಲಿ, ಹದಿನೆಂಟು ಅಣ್ಣನದು, ಆ ಕಾಗದ ಹಿಡಿದುಕೊಂಡೇ ನಿನ್ನೆ ಇಲಾಖೆಯ ಅಧಿಕಾರಿ ಯಂತ್ರ ತಂದ, ಹೊಲವನ್ನೆಲ್ಲ ಬಗೆದು ಹಾಕಿಸಿದ, ಡೀಸೆಲ್ ಸುರಿಸಿ ಬೆಂಕಿ ಇಡಿಸಿದ, ಅತ್ತಿಗೆ ಫೋನಿನಲ್ಲಿ ಏದುಸಿರು ಬಿಡುತ್ತ ಹೇಳುತ್ತಾಳೆ, ನಿಮ್ಮಣ್ಣ ಗುದ್ದಲಿ ಎತ್ತಿದ್ರು ಕಣೇ, ಆ ಅಧಿಕಾರಿ ಕಿವಿ ಜೋತಾಡ್ತಿತ್ತು, ಬಿದ್ದ ಮೇಲೂ ಬಿಡಲಿಲ್ಲ ಇವರು, ಅವನ ಆಳುಗಳು ಇವರ ಬಲಗೈಯನ್ನ ಕಲ್ಲಿನ ಮೇಲಿಟ್ಟು ಮುರಿದ್ರು, ನಾನು ಅಲ್ಲೇ ನಿಂತಿದ್ದೆ ಕಣೇ. ಆ ಮೂಳೆಯ ಶಬ್ದ ನಾನು ಕೇಳಿದ್ದಲ್ಲ, ಆದರೂ ನಲ್ಲಿ ನಿಲ್ಲಿಸಿದರೆ ಕೇಳುತ್ತದೆ, ಅದಕ್ಕೇ ನಲ್ಲಿ ನಿಲ್ಲಿಸುತ್ತಿಲ್ಲ.

ಪರದೆಯ ಮೇಲೆ ಎರಡು ಸಾಲು, ಮೇಲಿನದು ಹದಿನೇಳು, ಕೆಳಗಿನದು ಹದಿನೆಂಟು, ವೈರಸ್ಸಿನ ವಂಶವಾಹಿಯ ಆರೂವರೆ ಸಾವಿರ ಅಕ್ಷರ, ಒಂದೂ ಬೇರೆಯಿಲ್ಲ, ಇನ್ನೂರು ಮೈಲಿ ದೂರದ ಎರಡು ಹೊಲಗಳಲ್ಲಿ ಬೆಳೆದ ವೈರಸ್ಸು ನಾಲ್ಕು ಅಕ್ಷರವನ್ನಾದರೂ ಬದಲಾಯಿಸಿಕೊಳ್ಳದೆ ಇರುತ್ತದೆಯೇ, ಮೊದಲ ವರ್ಷದ ಹುಡುಗಿಯರಿಗೆ ನಾನೇ ಪಾಠ ಮಾಡುತ್ತೇನೆ, ಹೀಗೆ ಅಚ್ಚೊತ್ತಿದ ಹಾಗೆ ಬಂದರೆ ಮೊದಲು ನಿಮ್ಮ ಕೈಯನ್ನ ಅನುಮಾನಿಸಿ ಅಂತ, ಹದಿನೇಳರಲ್ಲಿ ವೈರಸ್ಸಿನ ಲಕ್ಷಗಟ್ಟಲೆ ತುಣುಕು, ಹದಿನೆಂಟರಲ್ಲಿ ಬರೀ ಮುನ್ನೂರು, ಕಡಿಮೆಯಿದೆ ಎಂದರೆ ರೋಗ ಈಗಷ್ಟೇ ಕಾಲಿಟ್ಟಿದೆ ಎಂದು ಬರೆದೆನಲ್ಲ ಮಹಾ ಜಾಣೆ, ವೈರಸ್ಸಿಗೆ ಹೆಸರಿಡುವ ಆತುರ, ಈ ಪರೀಕ್ಷೆಯ ಯಂತ್ರವನ್ನು ಎತ್ತಿ ನೆಲಕ್ಕೆ ಬಡಿಯಬೇಕು, ಗಾಜು ಅಂಗೈಗೆ ಹೊಕ್ಕರೂ ಸರಿ, ಅಣ್ಣನ ಕೈಯಲ್ಲಿರುವ ಸಿಟ್ಟೇ ನನ್ನ ಕೈಯಲ್ಲೂ ಇದೆ — ಶಾಲೆಯ ಹಿಂದೆ ನನ್ನ ಜಡೆ ಎಳೆದವನ ಹಲ್ಲಿಗೆ ಕಲ್ಲು ಎಸೆದವಳು ನಾನು, ಅಪ್ಪ ಬೆಲ್ಟು ಬಿಚ್ಚಿದರು, ಅಣ್ಣ ಅಂದ, ನಾನೇ ಎಸೆದದ್ದು, ಅವಳು ಏನೂ ಮಾಡಿಲ್ಲ, ಅವನ ಬೆನ್ನಿನ ಬಾಸುಂಡೆ ಒಂದು ವಾರ ಇತ್ತು, ನಾನು ಬಾಯಿ ಬಿಡಲಿಲ್ಲ, ಬಾಗಿಲ ಸಂದಿಯಿಂದ ನೋಡಿದೆ. ಈಗ ಲ್ಯಾಬಿನ ಮುಖ್ಯಸ್ಥರು ಹಿಂದೆ ನಿಂತು ಮೆಲ್ಲಗೆ ಹೇಳುತ್ತಾರೆ, ಎರಡು ಹೊಲದಲ್ಲಿ ಸಿಕ್ಕಿದೆ ಅಂತಲೇ ಜರ್ನಲ್ಲಿನವರು ನಿನ್ನ ಪ್ರಬಂಧ ಒಪ್ಕೊಂಡಿದಾರಮ್ಮ, ಸುಟ್ಟ ಹೊಲ ಮತ್ತೆ ಬರಲ್ಲ, ಆ ಅರ್ಧ ಗಡ್ಡೆ ಬಿಸಾಕಿ ಮನೆಗೆ ಹೋಗು.

ಅತ್ತಿಗೆಯ ಫೋನು ಮತ್ತೆ, ಅಧಿಕಾರಿಗೆ ಇನ್ನೂ ಎಚ್ಚರ ಬಂದಿಲ್ಲವಂತೆ, ನಿಮ್ಮಣ್ಣ ಪೊಲೀಸರ ಮುಂದೆ ಒಂದೇ ಮಾತು ಹೇಳ್ತಿದಾರೆ ಕಣೇ, ನನ್ನ ತಂಗಿ ಬರೆದಿದಾಳೆ ಅಂದ್ರೆ ರೋಗ ಇದ್ದೇ ಇರುತ್ತೆ, ಅವರು ಸುಟ್ಟಿದ್ದು ಸರಿ, ತಪ್ಪೆಲ್ಲ ನಂದು, ಹಾಗಂತ ಎಲ್ಲ ಕಡೆ ಸಹಿ ಹಾಕಿಬಿಟ್ರು ಎಡಗೈಯಲ್ಲಿ. ನಾನು ಹೇಳಬೇಕು, ಅತ್ತಿಗೆ, ಕೇಳು, ರೋಗ ಇರಲಿಲ್ಲ ಅಂತ, ಅವಳು ಹಲೋ ಹಲೋ ಅನ್ನುತ್ತಿದ್ದಾಳೆ, ಗಡ್ಡೆಗಳನ್ನು ಕೊಯ್ದ ಅವತ್ತೂ ಇದೇ ಫೋನು, ಇದೇ ಮೇಜು, ಪ್ರತಿ ಗಡ್ಡೆಗೂ ಮುಂಚೆ, ಹಿಂದಿನದರ ರಸ ಉಳಿಯದ ಹಾಗೆ, ಬ್ಲೇಡನ್ನು ಸ್ಪಿರಿಟ್ ದೀಪದಲ್ಲಿ ಸುಡಬೇಕು, ಹದಿನಾರರ ನಂತರ ಸುಟ್ಟೆ, ಹದಿನೇಳನ್ನು ಕೊಯ್ದೆ, ಫೋನು ಬಂತು, ಅಣ್ಣ, ಏನ್ ಡಾಕ್ಟ್ರಮ್ಮ, ನನ್ನ ಗಡ್ಡೆಗೆ ಜ್ವರ ಬಂದಿದ್ಯಾ, ಬೇಗ ನೋಡು, ನನಗಿಂತ ಮುಂಚೆ ಅದು ಸಾಯುತ್ತೆ, ನಗು ತಡೆಯಲಾಗಲಿಲ್ಲ, ತಾಳೋ, ಈಗ ನಿಂದೇ ಸರದಿ, ಭುಜಕ್ಕೂ ಕಿವಿಗೂ ಮಧ್ಯೆ ಫೋನು, ಎಡಗೈಯಲ್ಲಿ ಹದಿನೆಂಟು, ಬಲಗೈಯಲ್ಲಿ ಬ್ಲೇಡು, ಅಂಚಿನಲ್ಲಿ ಹದಿನೇಳರ ಕೆಂಪು ಒಂದು ಹನಿ, ದೀಪ ಪಕ್ಕದಲ್ಲೇ ಉರಿಯುತ್ತಿದೆ, ಗೇಣು ದೂರ, ಅವನು ಆ ಕಡೆ ನಗುತ್ತಿದ್ದಾನೆ, ನಾನು ನಗುತ್ತ ಬ್ಲೇಡು ಇಳಿಸುತ್ತಿದ್ದೇನೆ, ಅಂಚಿನಲ್ಲಿ ಕೆಂಪು, ದೀಪ ಉರಿಯುತ್ತಿದೆ, ಬ್ಲೇಡು ಇಳಿಯುತ್ತಿದೆ, ಕೆಂಪು