ಒಂದೇ ಅಳತೆಯ ಬೂಟು

ಬೆಳಿಗ್ಗೆ ಯಂತ್ರ ಬಾಚಿಟ್ಟ ಹಿಮದ ಮೇಲೆ ಯಾವ ಸ್ಕೀಯನ್ನಾದರೂ ಹೊಗಳಬಹುದು. ನೋಡಲು ಬಂದವರೆದುರು ಕೂತ ಹೆಣ್ಣಿನ ಹಾಗೆ ಅದು ಅಷ್ಟು ಹೊತ್ತು ತಲೆ ತಗ್ಗಿಸಿಕೊಂಡೇ ಇರುತ್ತದೆ. ನಿಜವಾದ ಗುಣ ತಿಳಿಯಬೇಕಾದರೆ ಮಧ್ಯಾಹ್ನದವರೆಗೆ ಕಾಯಬೇಕು. ಆಗ ನೆರಳಿನ ಕಡೆ ಹಿಮ ಗಾಜಿನಂತೆ ಗಟ್ಟಿಯಾಗಿರುತ್ತದೆ, ಮರಗಳ ಸಂದಿಯಲ್ಲಿ ಮೊನ್ನೆ ಬಿದ್ದ ಪುಡಿಹಿಮ ಇನ್ನೂ ಉಳಿದಿರುತ್ತದೆ, ಕೆಳಗೆ ಬಿಸಿಲು ಬಿದ್ದಲ್ಲಿ ಎಲ್ಲ ಗಂಜಿಯಾಗಿರುತ್ತದೆ. ಈ ಮೂರರಲ್ಲೂ ಮುಖ ಕೆಡಿಸಿಕೊಳ್ಳದ ಸ್ಕೀ ಸಿಕ್ಕರೆ ಡಾಟಿ ಅದನ್ನು ತನ್ನ ಅಂಗಡಿಗೆ ತರಿಸುತ್ತಿದ್ದಳು.

ಮೊಂಟಾನಾದ ಹ್ಯಾಲೆಕ್ ಎಂಬ ಸಣ್ಣ ಊರಿನಲ್ಲಿ, ಬೆಟ್ಟದ ಬುಡಕ್ಕೇ ಡಾಟಿಯ ಸ್ಕೀ ಅಂಗಡಿ. ಪ್ರತಿ ಮಾರ್ಚಿನಲ್ಲಿ ಕಂಪನಿಗಳವರು ಮುಂದಿನ ಚಳಿಗಾಲದ ಸ್ಕೀಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬರುತ್ತಾರೆ. ಅವರ ಬಾಯಿಯ ಮಾತನ್ನು ಡಾಟಿ ನಂಬುವುದಿಲ್ಲ, ಮಾರ್ನಿ ಹಾಲ್ವರ್ಸನ್ನಳ ಕಾಲನ್ನು ನಂಬುತ್ತಾಳೆ. ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಮಾರ್ನಿ ಹರೆಯದಲ್ಲಿ ಪಂದ್ಯಗಳಲ್ಲಿ ಸ್ಕೀ ಮಾಡಿದವಳು. ಈಗ ಐವತ್ತು ದಾಟಿದೆ, ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ.

ಹೋದ ವಾರ ಡಾಟಿ ಫೋನು ಮಾಡಿದ್ದಳು.

"ನಿನ್ನ ಲಾಯ್ಡ್ ಪೂರ್ವದ ಕಡೆ ಹೊರಟನಂತೆ ಕಣೇ. ವರ್ಮಾಂಟಿಗೆ. ಇಲ್ಲಿಗೆ ಇದೇ ಕೊನೆ ಸಲವಂತೆ."

"ನನ್ನ ಲಾಯ್ಡ್ ಯಾಕಾಗ್ತಾನೆ?"

"ಸರಿ ಬಿಡು, ಸ್ಕೀ ಕಂಪನಿಯ ಲಾಯ್ಡ್. ಆದ್ರೆ ಅವನು ಬರೋ ದಿನ ನೀನು ಕಿವಿಗೆ ಓಲೆ ಹಾಕ್ಕೊಂಡು ಬರೋದು ಯಾಕೆ? ನಾನೇನು ಕುರುಡಿಯಾ?"

ಮಾರ್ನಿ ನಕ್ಕು ಫೋನಿಟ್ಟಳು. ಅವತ್ತೇ ನಿಶ್ಚಯಿಸಿಕೊಂಡಳು: ಈ ಸಲ ಹೇಳಿಬಿಡಬೇಕು. ಹೋಗಬೇಡ ಅನ್ನಬೇಕು. ಎಲ್ಲಿ ಹೇಳುವುದೆಂದೂ ತೀರ್ಮಾನಿಸಿದಳು. ಬೆಟ್ಟದ ನಡುವೆ, ಒಣಗಿದ ಲಾರ್ಚ್ ಮರದ ಕೆಳಗಿನ ಸಮತಟ್ಟಿನಲ್ಲಿ.

ಅವರಿಬ್ಬರ ಪದ್ಧತಿ ನಡೆಯುತ್ತಿದ್ದುದೇ ಅಲ್ಲಿ. ಎರಡು ಸ್ಕೀಗಳನ್ನು ಹೋಲಿಸಬೇಕಾದರೆ ಒಂದೇ ಹಿಮ, ಒಂದೇ ಹೊತ್ತು ಆಗಬೇಕು. ಒಂದನ್ನು ಇಳಿಸಿ ಇನ್ನೊಂದನ್ನು ತರುವಷ್ಟರಲ್ಲಿ ಬಿಸಿಲು ಹಿಮದ ಬುದ್ಧಿಯನ್ನೇ ಬದಲಿಸಿರುತ್ತದೆ. ಹಾಗಾಗಿ ಹೊಸ ಸ್ಕೀ ಒಬ್ಬರ ಕಾಲಲ್ಲಿ, ಹಳೆಯದು ಇನ್ನೊಬ್ಬರ ಕಾಲಲ್ಲಿ. ಅರ್ಧ ದಾರಿಯಲ್ಲಿ ಅದಲುಬದಲು. ಬೂಟನ್ನು ಕಚ್ಚಿ ಹಿಡಿಯುವ ಬೈಂಡಿಂಗನ್ನು ಪ್ರತಿ ಬೂಟಿನ ಉದ್ದಕ್ಕೆ ತಿರುಪಿ ಕೂರಿಸಬೇಕು. ಆದರೆ ಲಾಯ್ಡ್ ಟ್ರಿಂಬಲ್ ಸಣ್ಣ ಆಳು, ಪಾದವೂ ಸಣ್ಣದು. ಮಾರ್ನಿಯ ಬೂಟೂ ಅವನ ಬೂಟೂ ಒಂದೇ ಅಳತೆ. ಮೊದಲ ವರ್ಷವೇ ಅದು ಗೊತ್ತಾಗಿ, "ಇಂಥಾ ಕಾಲಿಟ್ಕೊಂಡು ಗಂಡಸರ ಸ್ಕೀ ಮಾರ್ತೀಯಾ?" ಎಂದು ಡಾಟಿ ಊರೆಲ್ಲ ಸಾರಿದ್ದಳು. ಅಂದಿನಿಂದ ವರ್ಷಕ್ಕೊಂದು ದಿನ ಅವನು ಬಿಟ್ಟ ಸ್ಕೀಯೊಳಗೆ ಇವಳು, ಇವಳು ಬಿಟ್ಟದ್ದರೊಳಗೆ ಅವನು. ಅವರ ನಡುವೆ ಇದ್ದದ್ದು ಅಷ್ಟೇ. ಉಳಿದ ದಿನಗಳನ್ನು ಮಾರ್ನಿ ಆ ಒಂದು ದಿನದ ಹಿಂದೆ ಮುಂದೆ ಜೋಡಿಸಿಕೊಂಡು ಬದುಕುತ್ತಿದ್ದಳು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಈ ಸಲವೂ, ತಂತಿಗೆ ತೂಗುವ ಲಿಫ್ಟಿನ ಕುರ್ಚಿಯಲ್ಲಿ ಬೆಟ್ಟದ ಮೇಲೆ ಹೋಗುವಾಗ, ಲಾಯ್ಡ್ ಹೊಸ ಸ್ಕೀಯ ಗುಣಗಾನ ಮಾಡಿದ.

"ಎಲ್ಲಾ ಥರದ ಹಿಮಕ್ಕೂ ಆಗುತ್ತೆ. ಬೆಟ್ಟಕ್ಕೆಲ್ಲ ಇದೊಂದೇ ಸಾಕು."

"ಪ್ರತಿ ವರ್ಷ ಇದನ್ನೇ ಹೇಳ್ತೀಯ."

"ಪ್ರತಿ ವರ್ಷ ನೀನೂ ನಂಬಲ್ಲ. ಅದಕ್ಕೇ ಅಲ್ವಾ ಬರೋದು."

ತನ್ನದೇ ಹಳೆಯ ಸ್ಕೀಯ ಮೇಲೆ ಮಾರ್ನಿ ಲಾರ್ಚ್ ಮರದವರೆಗೆ ಇಳಿದಳು. ನೆರಳಿನ ಗಟ್ಟಿ ಹಿಮದಲ್ಲಿ ಅಂಚು ಕರಕರ ಕೆರೆಯಿತು. ಎದುರಿಗೆ ಲಾಯ್ಡ್‌ನ ಬೆನ್ನು ತಿರುತಿರುಗಿ ಇಳಿಯುತ್ತಿತ್ತು. ಸಮತಟ್ಟಿನಲ್ಲಿ ಇಬ್ಬರೂ ಸ್ಕೀ ಕಳಚಿದರು. ಮಾರ್ನಿ ಹೊಸದರಲ್ಲಿ ಕಾಲಿಟ್ಟು ಒತ್ತಿದಳು. ಟಕ್ಕೆಂದಿತು, ಆದರೆ ಹಿಮ್ಮಡಿ ಅಲ್ಲಾಡಿತು.

"ಅಡಿಗೆ ಹಿಮ ಮೆತ್ತಿರ್ಬೇಕು, ಕೆರೆದು ನೋಡು," ಎಂದ ಲಾಯ್ಡ್. ಅವನದೂ ಕೂರುತ್ತಿರಲಿಲ್ಲ, ಬೂಟು ಒಳಗೇ ಹೋಗಲಿಲ್ಲ.

ಅವಳು ಕೆರೆದಳು. ಮತ್ತೆ ಅಷ್ಟೇ. ಅವನು ಅವಳ ಕಾಲನ್ನು ನೋಡಿದ.

"ಹೊಸ ಬೂಟು."

"ಹ್ಞೂಂ. ಹಳೇದು ಸೀಳು ಬಿಟ್ಟಿತ್ತು."

"ಅಟ್ಟೆ ಚಿಕ್ಕದಿದೆಯಲ್ಲ."

ಮಾರ್ನಿ ಬಗ್ಗಿ ನೋಡಿದಳು. ಡಿಸೆಂಬರಿನಲ್ಲಿ ಕೊಳ್ಳುವಾಗ ಮೀನಖಂಡಕ್ಕೆ ಹಿಡಿಯುತ್ತದೆಯೇ, ಬೆರಳು ನೋಯುತ್ತದೆಯೇ ಎಂದು ಒಂದು ಗಂಟೆ ಅಂಗಡಿಯಲ್ಲಿ ನಡೆದಾಡಿದ್ದಳು. ಅಟ್ಟೆಯ ಉದ್ದ ಮಾತ್ರ ನೋಡಿರಲಿಲ್ಲ. ಅವಳ ಸ್ಕೀಯನ್ನು ಅಂಗಡಿಯವರೇ ಹೊಸ ಬೂಟಿಗೆ ಹೊಂದಿಸಿಕೊಟ್ಟಿದ್ದರಿಂದ ಇವತ್ತಿನವರೆಗೂ ಅದು ತಲೆಗೆ ಹೊಳೆದಿರಲಿಲ್ಲ.

"ಎಷ್ಟೋ ವರ್ಷದಿಂದ ನಮ್ಮ ಸ್ಕೀಗಳಲ್ಲಿ ಕೂದಲು ಸೀಳಿ ತಪ್ಪು ಹುಡುಕಿದವಳು ನೀನು," ಲಾಯ್ಡ್ ನಕ್ಕ. ಜೇಬಿನಿಂದ ತಿರುಪುಳಿ ತೆಗೆದು ಹಿಮದಲ್ಲಿ ಮೊಣಕಾಲೂರಿದ. "ನಿಂತಿರು, ಎರಡನ್ನೂ ಸರಿ ಮಾಡ್ತೀನಿ."

ಅವಳು ನಿಂತಳು. ಇಷ್ಟು ವರ್ಷದಲ್ಲಿ ಇಲ್ಲಿ ಅವರು ನಿಂತದ್ದೇ ಇಲ್ಲ. ಬದಲಿಸಿದ ತಕ್ಷಣ ಹೊರಡುತ್ತಿದ್ದರು, ಹಿಮ ಕಾಯುವುದಿಲ್ಲವಲ್ಲ. ಟೋಪಿಯ ಕೆಳಗೆ ಅವನ ಕತ್ತಿನ ಕೂದಲು ಪೂರಾ ಬೆಳ್ಳಗಾಗಿದೆಯೆಂದು ಈಗ ಕಂಡಿತು. ಅಲ್ಲಿ ಕೈಯಿಟ್ಟರೆ ಬೆಚ್ಚಗಿರುತ್ತದೆ ಅನ್ನಿಸಿತು. ಕೈಗವಸಿನೊಳಗೆ ಬೆರಳುಗಳನ್ನು ಮುದುರಿಕೊಂಡಳು.

"ಲಾಯ್ಡ್, ಹೋಗ್ಬೇಡ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ."

ತಿರುಪುಳಿ ನಿಂತಿತು.

"ಅಂದ್ಕೊಂಡಿದ್ದೆಯೋ, ಹೇಳ್ತಾ ಇದೀಯೋ?"

"ಹೇಳ್ತಾ ಇದೀನಿ."

ಅವನು ತಲೆಯೆತ್ತಲಿಲ್ಲ. "ಅಲ್ಲಿ ಮಗಳು ಒಬ್ಬಳೇ ಆಗಿದ್ದಾಳೆ. ಅವಳ ಗಂಡ ಬಿಟ್ಟು ಹೋದ. ಕೂಸಿಗಿನ್ನೂ ಹಲ್ಲು ಬಂದಿಲ್ಲ. ಬರ್ತೀನಿ ಅಂತ ಮಾತು ಕೊಟ್ಟಾಗಿದೆ, ಮಾರ್ನಿ."

ಕರೆದದ್ದು ಕಂಪನಿಯಾಗಿದ್ದರೆ ಬಯ್ಯಬಹುದಿತ್ತು, ಇನ್ನೊಬ್ಬ ಹೆಂಗಸಾಗಿದ್ದರೆ ಹೊಟ್ಟೆಕಿಚ್ಚು ಪಡಬಹುದಿತ್ತು.

"ಹೋಗ್ಲೇಬೇಕು ಹಾಗಾದ್ರೆ," ಎಂದಳು.

"ಹೋದ ವರ್ಷ ಹೇಳಿದ್ದಿದ್ರೆ..." ಎಂದವನು ಅಲ್ಲಿಗೇ ಬಿಟ್ಟ. ಬೈಂಡಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಕಾಲಿಡು."

ಈ ಸಲ ಗಟ್ಟಿಯಾಗಿ ಕೂತಿತು.

ಹೊಸ ಸ್ಕೀ ಚೆನ್ನಾಗಿತ್ತು, ಅದರಿಂದ ಇನ್ನೂ ಬೇಜಾರಾಯಿತು. ಗಟ್ಟಿ ಹಿಮದಲ್ಲಿ ಹಿಡಿತ ತುಸು ತಡವಾಗಿ ಬಂದರೂ ಬಂದ ಮೇಲೆ ಬಿಡಲಿಲ್ಲ. ಮರಗಳ ನಡುವಿನ ಪುಡಿಯಲ್ಲಿ ಮೂತಿ ಎತ್ತಿಕೊಂಡು ತೇಲಿತು. ಕೆಳಗಿನ ಗಂಜಿಯಲ್ಲಿ ಬೇರೆ ಸ್ಕೀಗಳು ಕಾಲು ಸಿಕ್ಕಿಸಿಕೊಳ್ಳುವಲ್ಲಿ ಇದು ಸಲೀಸಾಗಿ ದಾಟಿತು. ಅವಳಿಗೆ ಮಾತ್ರ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕದೊಳಗೆ ಆವಿ ಕಟ್ಟಿತ್ತು.

"ಹೇಗಿದೆ?" ಅಂಗಡಿಯ ಬಾಗಿಲಲ್ಲಿ ಡಾಟಿ ಕೇಳಿದಳು.

"ತರಿಸು. ಪಂದ್ಯದ ಚಪಲ ಇರೋರಿಗೆ ಸಪ್ಪೆ ಅನ್ಸುತ್ತೆ. ದಿನವಿಡೀ ಬೆಟ್ಟದ ಮೇಲಿರ್ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ."

"ಕಣ್ಣೇನು ಕೆಂಪಗಿದೆ?"

"ಬಿಸಿಲು."

"ಹೌದೌದು, ಭಾರೀ ಬಿಸಿಲು," ಎನ್ನುತ್ತ ಡಾಟಿ ಒಳಗೆ ಹೋದಳು.

ಲಾಯ್ಡ್ ವ್ಯಾನಿಗೆ ಸ್ಕೀಗಳನ್ನು ತುಂಬುತ್ತಿದ್ದ. ಕೊನೆಯ ಜೊತೆ ಕೈಯಲ್ಲಿದ್ದಾಗ ನಿಂತ. ಲಿಫ್ಟು ಇನ್ನೂ ತಿರುಗುತ್ತಿತ್ತು.

"ಕೆಲಸ ಮುಗೀತು," ಎಂದ. "ಸುಮ್ನೆ ಒಂದು ಸಲ ಹೋಗೋಣ್ವಾ?"

ಅವರು ಹಾಗೆ ಎಂದೂ ಹೋಗಿರಲಿಲ್ಲ. ಮೇಲೆ ಹೋಗುವಾಗ ನಡುವೆ ಎಲ್ಲೋ ಅವನ ತೋಳು ಅವಳ ತೋಳಿಗೆ ತಾಗಿ ಅಲ್ಲೇ ಉಳಿಯಿತು. ತುದಿಯಲ್ಲಿ ಇಳಿದು, ಬೂಟಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದಳು ಮಾರ್ನಿ. ಕೈಗವಸು ತೆಗೆದು ಮತ್ತೆ ತೊಟ್ಟಳು. ಲಿಫ್ಟು ನಡೆಸುವವನು ತನ್ನ ಗೂಡಿನ ಬಾಗಿಲು ಹಾಕಿಕೊಂಡು ಕೆಳಗೆ ಹೊರಟುಹೋದ.

ಲಾಯ್ಡ್ ಅವಸರ ಮಾಡಲಿಲ್ಲ. ಕಣಿವೆಯಾಚೆ ಬಿಸಿಲು ಸರಿದು, ಅವರ ಕೆಳಗಿನ ಗಂಜಿ ಮೆಲ್ಲಗೆ ಗಟ್ಟಿಯಾಗತೊಡಗಿತ್ತು. ಇನ್ನು ತಡಮಾಡಿದರೆ ಇಳಿಯುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ನಿಂತೇ ಇದ್ದರು.