ಗಿಲ್ಬರ್ಟ್ ಎದುರುಗಡೆ ನಿಂತ ದಿನ

ಡೇರೆಯ ಕಂಬಕ್ಕೆ ಅಂಟಿಸಿದ್ದ ಜೋಡಿಗಳ ಪಟ್ಟಿ ನೋಡಿದಾಗಲೇ ನನಗೆ ಗೊತ್ತಾದದ್ದು. ಗಿಲ್ಬರ್ಟ್ ಲಸ್ಕೂಂಬ್ ಹೆಸರಿನ ಪಕ್ಕದಲ್ಲಿ ನನ್ನ ಹೆಸರಿರಲಿಲ್ಲ. ಅವನ ಭಾವಿ ಬಾಮೈದ ಲಯೊನೆಲ್‌ನದಿತ್ತು. ಒಂಬತ್ತು ಬೇಸಿಗೆ ಒಟ್ಟಿಗೆ ಟೆನಿಸ್ ಆಡಿದವನು ಒಂದು ಮಾತು ಹೇಳಬಾರದಿತ್ತೆ? ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾಯಿತೆಂದು ಎಕ್ಸ್‌ಮತ್ ಊರೆಲ್ಲ ಬಾವುಟ ಕಟ್ಟಿಕೊಂಡು ಮೆರೆಯುತ್ತಿತ್ತು. ನನಗೆ ಅದೊಂದೂ ಬೇಡವಾಗಿತ್ತು.

ಪಂದ್ಯಾವಳಿಯ ಕಾರ್ಯದರ್ಶಿ ಕನಿಕರಪಟ್ಟು ಪಾದ್ರಿ ಪೆವರೆಲ್ ಅವರನ್ನು ನನಗೆ ಗಂಟುಹಾಕಿದರು. ಹೇಗೋ ಎರಡು ಸುತ್ತು ಗೆದ್ದೆವು. ಮೂರನೆಯದರಲ್ಲಿ ಬಲೆಯ ಆಚೆ ಗಿಲ್ಬರ್ಟ್. ಅವನನ್ನು ಸೋಲಿಸಿಬಿಟ್ಟರೆ ಮುಂದಿನ ವರ್ಷ ನನ್ನ ಕಡೆಗೇ ಬರುತ್ತಾನೆಂದು ನನ್ನ ಆಸೆ. ಮಕ್ಕಳ ಥರದ ಆಸೆ, ಒಪ್ಪುತ್ತೇನೆ. ಮನೆಯಲ್ಲಿ ಮಾತಾಡಲು ನರಪಿಳ್ಳೆಯೂ ಇಲ್ಲದವನು ಇನ್ನೇನು ಆಸೆಪಟ್ಟಾನು?

ದೂರದ್ದು ನನಗೆ ಸರಿಯಾಗಿ ಕಾಣುವುದಿಲ್ಲ. ಒಡೆದೀತೆಂದು ಆಟಕ್ಕೆ ಕನ್ನಡಕ ಹಾಕುವುದೂ ಇಲ್ಲ. ಇಷ್ಟು ವರ್ಷವೂ ಚೆಂಡು ಹಿಂದಿನ ಗೆರೆ ದಾಟುತ್ತದೋ ಇಲ್ಲವೋ ನೋಡಿ ಕೂಗುತ್ತಿದ್ದವನು ಗಿಲ್ಬರ್ಟ್. ಅವನು ಹೇಳಿದಂತೆ ನಾನು ಕೇಳುತ್ತಿದ್ದೆ, ಅಷ್ಟೆ.

ಕೊನೆಯ ಸೆಟ್‌ನಲ್ಲಿ ನಾವು ಗೆಲ್ಲಲು ಒಂದೇ ಪಾಯಿಂಟ್ ಬಾಕಿ. ಲಯೊನೆಲ್ ಎತ್ತಿ ಹೊಡೆದ ಚೆಂಡು ನನ್ನ ತಲೆಯ ಮೇಲೆ ಹಾರಿತು. ಹಿಂದಕ್ಕೆ ಓಡಿ ರ‍್ಯಾಕೆಟ್ ಎತ್ತಿದೆ.

"ಬಿಡೋ ಆಂಬ್ರೋಸ್, ಆಚೆ ಹೋಗುತ್ತೆ!"

ಬಲೆಯ ಆ ಕಡೆಯಿಂದ ಗಿಲ್ಬರ್ಟ್ ಕೂಗಿದ್ದ. ನನ್ನ ಕೈ ತಾನಾಗಿ ಕೆಳಗಿಳಿಯಿತು. ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಗೆದ್ದೆವು.

"ಯಾರ ಕಡೆ ಆಡ್ತಿದ್ದೀಯಪ್ಪಾ ನೀನು?" ಲಯೊನೆಲ್ ರ‍್ಯಾಕೆಟ್ಟನ್ನು ಹುಲ್ಲಿನ ಮೇಲೆ ಎಸೆದ.

ನೋಡುತ್ತಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ನನಗಂತೂ ಹಿಗ್ಗೋ ಹಿಗ್ಗು. ಬಲೆಯ ಹತ್ತಿರ ಓಡಿದೆ.

"ಗಿಲ್, ನನಗೇ ಕೂಗಿದೆಯಲ್ಲೋ! ಮುಂದಿನ ವರ್ಷ ನಾವಿಬ್ರೂ..."

"ಅಯ್ಯೋ, ಹಳೇ ಚಾಳಿ ಮಾರಾಯ," ಎಂದು ಕೈ ಕುಲುಕಿದ. ಕಣ್ಣು ಮಾತ್ರ ಲಯೊನೆಲ್ ಮೇಲೆಯೇ ಇತ್ತು. "ಇವನ ಜೊತೆ ಇನ್ನೊಂದು ಬೇಸಿಗೆ ಆಡಿದ್ರೆ ಬಿಟ್ಟುಹೋಗುತ್ತೆ."

ನನ್ನದು ಬಿಟ್ಟುಹೋಗುವುದಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಲಯೊನೆಲ್‌ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡುತ್ತ ಡೇರೆಯ ಕಡೆ ನಡೆದಾಗಿತ್ತು.

ಪಾದ್ರಿಗಳು ಏದುಸಿರು ಬಿಡುತ್ತ ಬಂದರು. "ಗೆದ್ವಲ್ಲ ಸ್ವಾಮಿ! ಮನೇಲಿ ಹೇಳಿದ್ರೆ ನನ್ನ ಹೆಂಡ್ತಿ ನಂಬೋದೇ ಇಲ್ಲ."

"ಹೌದು, ಗೆದ್ವಿ," ಎಂದೆ. ನಾನು ಹೇಳಿಕೊಳ್ಳಬೇಕಾದವನು ಆಗಲೇ ಹೊರಟುಹೋಗಿದ್ದ.