ಒಡ್ಡಿನಲ್ಲಿ ಮಲಗಿದ್ದ ನಾಗರಹಾವು

ನಿದ್ದೆಯಲ್ಲಿರುವ ಜೀವದ ಬಾಯಿ ಬಿಡಿಸಿ ಹಾಲು ಸುರಿದು, ಅದಕ್ಕೆ ಭಕ್ತಿಯೆಂದು ಹೆಸರಿಡಲು ನಿಮಗೆ ನಾಚಿಕೆಯಾಗುವುದಿಲ್ಲವೆ? ‘ಆ ಮುಂಜಾನೆ ನಾನು ಕುಲಗೋಡ ಊರಿನಲ್ಲಿರಲಿಲ್ಲ’ ಎಂದು ನುಣುಚಿಕೊಳ್ಳಬೇಡಿ. ಅಲ್ಲಿಯ ರೈತ ಉಮೇಶನ ವಿಡಿಯೊಗೆ ಕೈಮುಗಿದ ಚಿಹ್ನೆ ಅಂಟಿಸಿ ಮುಂದೆ ಕಳುಹಿಸಿದವರಲ್ಲಿ ನೀವೂ ಒಬ್ಬರು.

ಮಾರ್ಗಶಿರದ ಚಳಿ. ಕಬ್ಬಿನ ಕಟಾವು ಮುಗಿದಿತ್ತು. ಹೊಲದ ಒಡ್ಡಿನ ಕಲ್ಲು ಕೀಳುತ್ತಿದ್ದ ಉಮೇಶನಿಗೆ ಒಳಗಿನ ಪೊಳ್ಳಿನಲ್ಲಿ ಸುರುಳಿ ಸುತ್ತಿ ಮಲಗಿದ್ದ ನಾಗರಹಾವು ಕಂಡಿತು. ಕೋಲಿನಿಂದ ತಿವಿದರೂ ಹೆಡೆಯೆತ್ತಲಿಲ್ಲ. ಅವನ ತಾಯಿ ಗೌರಕ್ಕ ಗಲ್ಲ ಬಡಿದುಕೊಂಡಳು.

"ನೋಡೋ, ದೇವ್ರು ತಪಾ ಮಾಡಾಕ ಕುಂತಾನ! ನಮ್ಮ ಹೊಲಾನ ಹುಡುಕ್ಕೊಂಡ ಬಂದಾನ. ವಿದ್ಯಾನ್ನ ಕರಿ. ಆಕೀ ಕೈಲೆ ಹಾಲೆರಸೂಣು, ಉಡಿ ತುಂಬತೈತಿ."

ವಿದ್ಯಾ ಉಮೇಶನ ಹೆಂಡತಿ, ಹುಕ್ಕೇರಿಯ ಹೆಣ್ಣು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಈ ಮಾತನ್ನು ಉಪ್ಪಿನಂತೆ ದಿನವೂ ಬಳಸುತ್ತಿದ್ದರು. ಅವಳು ಬಂದು ಬಗ್ಗಿ ನೋಡಿದಳು.

"ಅತ್ತಿ, ಇದು ತಪಾ ಅಲ್ರಿ. ಥಂಡಿಗಿ ಹಾವಿನ ಮೈಯಾಗ ಕಸುವು ಇರೂದಿಲ್ಲ. ಬಿಸಲ ಕಾಯೂತನಕ ಹಿಂಗ ಮಲಗಿರತಾವು. ಹಾಲ ಹಾಕಿದ್ರ ಉಸರ ಕಟ್ಟತೈತ್ರಿ. ಕಲ್ಲ ಮುಚ್ಚೂಣು."

"ಬಂದ್ಲು ನೋಡ ಹಾವಿನ ಡಾಕ್ಟರಬಾಯಿ!" ಉಮೇಶ ನಕ್ಕ. "ನಿಮ್ಮ ಹುಕ್ಕೇರ್ಯಾಗ ಹಾವಿಗೂ ಹಾಸಿಗಿ ಹಾಸತಾರೇನ? ಸುಮ್ನ ಹಾಕ, ವಿಡಿಯೊ ಚಾಲೂ ಐತಿ."

ಅಷ್ಟರಲ್ಲಿ ಸುದ್ದಿ ಹರಡಿ ಮೂಡಲಗಿಯಿಂದಲೂ ಬೈಕುಗಳು ಬಂದು ನಿಂತವು. ಹಾವನ್ನು ಪರಾತವೆಂಬ ಅಗಲವಾದ ಹಿತ್ತಾಳೆ ತಟ್ಟೆಗೆ ಎತ್ತಿಹಾಕಿ, ರೆಪ್ಪೆಯೇ ಇಲ್ಲದ ಆ ಕಣ್ಣುಗಳಿಗೆ ಕುಂಕುಮ ಮೆತ್ತಿದರು. ಒಬ್ಬ ಭಕ್ತ ಊದುಬತ್ತಿಯ ಕಡ್ಡಿಯಿಂದ ಅದರ ದವಡೆ ಅಗಲಿಸಿದ. ಗೌರಕ್ಕ ಹಾಲಿನ ಚೊಂಬನ್ನು ಸೊಸೆಯ ಕೈಗಿಟ್ಟು, ಅವಳ ಮುಂಗೈ ಹಿಡಿದು ಬಗ್ಗಿಸಿದಳು.

"ಬಿಡ್ರಿ ಅತ್ತಿ, ಸಾಯತೈತಿ!"

ಹಾಲು ಒಳಗಿಳಿದು ಮೂಗಿನಿಂದ ಗುಳ್ಳೆಗುಳ್ಳೆಯಾಗಿ ಹೊರಬಂತು. ಜನ ಅದನ್ನು ಪವಾಡವೆಂದರು. ಪರಾತದಲ್ಲಿ ನಿಂತ ಹಾಲು, ಕುಂಕುಮ, ಲೋಳೆಯನ್ನು ತೀರ್ಥವೆಂದು ಬೆರಳದ್ದಿ ನೆಕ್ಕಿದರು.

ಮಧ್ಯಾಹ್ನದ ಹೊತ್ತಿಗೆ ಹಾವು ಸತ್ತಿತ್ತು. ಒಡೆದ ಹಾಲಿಗೆ ನೊಣ ಮುತ್ತಿದ್ದವು. ಬೆಳಿಗ್ಗೆ ದೇವರೆಂದವರೇ ಈಗ ಮೂಗು ಮುಚ್ಚಿಕೊಂಡರು. ಆಗ ಗೌರಕ್ಕ ಸೊಸೆಯ ಕಡೆ ತಿರುಗಿದಳು.

"ಬಂಜಿ ಕೈ. ದೇವ್ರಿಗೂ ತಡಕೊಳ್ಳಾಕ ಆಗಲಿಲ್ಲ."

ಉಮೇಶ ಮೊಬೈಲಿನಿಂದ ತಲೆಯನ್ನೇ ಎತ್ತದೆ ವಿಡಿಯೊ ಕಳುಹಿಸುತ್ತಲೇ ಇದ್ದ. ಇಂದಿಗೂ ಆ ಓಣಿಯ ಬಾಣಂತಿಯರ ಮನೆಗಳು ವಿದ್ಯಾಳನ್ನು ಹೊಸ್ತಿಲಿನಾಚೆಯೇ ನಿಲ್ಲಿಸುತ್ತವೆ. ಅವಳು ಕೊಟ್ಟ ನೀರನ್ನು ಅತ್ತೆ ಹಿತ್ತಲಿಗೆ ಚೆಲ್ಲುತ್ತಾಳೆ. ಮಲಗಿದ್ದ ಜೀವವನ್ನು ಕೊಂದವರು ಕೈ ತೊಳೆದುಕೊಂಡು ಊಟಕ್ಕೆ ಕೂತರು. ಬೇಡವೆಂದವಳು ಕೊಲೆಗಾರ್ತಿಯಾದಳು.

ಮುಂದಿನ ಚಳಿಗಾಲದಲ್ಲಿ ನಿಮ್ಮ ಒಡ್ಡಿನಲ್ಲಿ ಇಂಥದೊಂದು ಸುರುಳಿ ಕಂಡರೆ, ಕಲ್ಲನ್ನು ಇದ್ದಲ್ಲಿಗೇ ಸರಿಸಿ ಮನೆಗೆ ಹೋಗಿ. ಅದಕ್ಕೂ ಮೊದಲು, ನಿಮ್ಮಲ್ಲಿರುವ ಆ ವಿಡಿಯೊ ತೆರೆಯಿರಿ. ವಿದ್ಯಾಳ ಮುಂಗೈಯನ್ನು ಹಿಡಿದಿರುವ ಬೆರಳುಗಳು ಸ್ಪಷ್ಟವಾಗಿ ಕಾಣುತ್ತವೆ. ನೀವು ಯಾರ‍್ಯಾರಿಗೆ ಅದನ್ನು ಕಳುಹಿಸಿದ್ದಿರೋ ಅವರೆಲ್ಲರಿಗೂ ಹೇಳಿ, ಆ ಚೊಂಬನ್ನು ಬಗ್ಗಿಸಿದ್ದು ಯಾರ ಕೈ ಎಂದು.